ಲ್ಯಾಂಡ್‌ಸ್ಯಾಟ್ 7ರ ಕಪ್ಪು ಪಟ್ಟಿ: ಒಂದು ಪುಟ್ಟ ಕನ್ನಡಿ ಜೋಡಿ ಕೈಕೊಟ್ಟ ಪ್ರಕರಣ

ಮೊದಲ ಸಲ ಉಪಗ್ರಹದ ಫೋಟೋದಲ್ಲಿ ಆ ಕಪ್ಪು ಪಟ್ಟಿ ನೋಡಿದಾಗ ಫೈಲ್ ಕರಪ್ಟ್ ಆಗಿದೆ ಅನ್ಕೊಂಡೆ. ಹಾಸ್ಟೆಲ್ ನೆಟ್ಟು ಹೆಂಗಿರತ್ತೆ ಗೊತ್ತಲ್ಲ, ರಾತ್ರಿ ಡೌನ್‌ಲೋಡಿಗೆ ಹಾಕಿ ಮಲಗಿದ್ರೆ ಬೆಳಿಗ್ಗೆ ಎದ್ದಾಗ ಮುಕ್ಕಾಲು ಬಂದಿರೋದು, ಮಧ್ಯೆ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಹಂಗೆ ಮೂರು ರಾತ್ರಿ ಕೂತು ಅದೇ ಫೈಲ್ ಮೂರು ಸಲ ಇಳಿಸಿದೆ, ಪಾಥ್ 144 ರೋ 51, ಅಂದ್ರೆ ಬೆಂಗಳೂರು ಬರೋ ತುಂಡು. ಮೂರು ಸಲಾನೂ ಅದೇ ಪಟ್ಟಿ, ಅದೇ ಜಾಗ, ಒಂದು ಪಿಕ್ಸೆಲ್ ಆಚೆ ಈಚೆ ಇಲ್ಲ. ಕೊನೆಗೆ ಲ್ಯಾಬಲ್ಲಿದ್ದ ಸೀನಿಯರ್ ಒಬ್ರು ಸ್ಕ್ರೀನ್ ಕಡೆ ಕಣ್ಣು ಹಾಯಿಸಿ, ಅಯ್ಯೋ ಅದು ಎಸ್‌ಎಲ್‌ಸಿ ಆಫ್ ಕಣೋ ಅಂದ್ರು. ನನಗೆ ಎಸ್‌ಎಸ್‌ಎಲ್‌ಸಿ ಗೊತ್ತು, ಇದ್ಯಾವುದು ಎಸ್‌ಎಲ್‌ಸಿ?

ಸ್ಕ್ಯಾನ್ ಲೈನ್ ಕರೆಕ್ಟರ್. ಅಮೆರಿಕದ ಲ್ಯಾಂಡ್‌ಸ್ಯಾಟ್ 7 ಉಪಗ್ರಹದ ಕ್ಯಾಮೆರಾ ಹೊಟ್ಟೆಯೊಳಗಿದ್ದ ಒಂದು ಜೋಡಿ ಪುಟ್ಟ ಕನ್ನಡಿ. ಉಪಗ್ರಹ ಹಾರಿದ್ದು 1999ರ ಏಪ್ರಿಲ್ 15ಕ್ಕೆ, ಆ ಕನ್ನಡಿ ಕೆಲಸ ನಿಲ್ಲಿಸಿದ್ದು 2003ರ ಮೇ 31ಕ್ಕೆ, ಅವತ್ತಿಂದ ಪ್ರತಿ ಫೋಟೋದಲ್ಲೂ ಸುಮಾರು 22 ಪರ್ಸೆಂಟ್ ಜಾಗ ಖಾಲಿ. ಜಿಐಎಸ್, ಅಂದ್ರೆ ಕಂಪ್ಯೂಟರಲ್ಲಿ ನಕ್ಷೆ ಮಾಡೋ ವಿದ್ಯೆ, ಕಲಿತ ನಮ್ಮ ತಲೆಮಾರಿನವರೆಲ್ಲ ಈ ಪಟ್ಟಿಗೆ ಶಾಪ ಹಾಕಿಕೊಂಡೇ ಬೆಳೆದವರು. ಯಾಕೆ ಬಂತು ಅಂತ ಮಾತ್ರ ತುಂಬ ಜನ ಕೇಳಲ್ಲ, ಖಾಲಿ ಜಾಗ ತುಂಬೋ ಗ್ಯಾಪ್‌ಫಿಲ್ ಟೂಲ್ ಒತ್ತಿ ಮುಂದೆ ಹೋಗ್ತಾರೆ. ನಾನು ಎಷ್ಟೋ ವರ್ಷ ಆದ್ಮೇಲೆ ಇದನ್ನ ಕೂತು ಬಿಡಿಸಿ ನೋಡಿದೆ, ನೋಡಿದ್ರೆ ಆ ಪಟ್ಟಿ ಆಕಾರದಲ್ಲೇ ಇಡೀ ಯಂತ್ರದ ಜಾತಕ ಇದೆ, ಪಟ್ಟಿಯ ಅಗಲ ಅಳೆದ್ರೆ ಸಾಕು ಕನ್ನಡಿ ಎಷ್ಟು ಹೊತ್ತಿಗೊಂದು ಸಲ ಆಡ್ತಿತ್ತು ಅಂತ ವಾಪಸ್ ಲೆಕ್ಕ ಹಾಕಬಹುದು. ಅದನ್ನೇ ಇಲ್ಲಿ ಬರೀತಿದೀನಿ.

ಮೋಟರ್ ಅಂದ ತಕ್ಷಣ ನಮಗೆ ನೆನಪಾಗೋದು ಮಿಕ್ಸಿ, ಫ್ಯಾನು, ಬೋರ್‌ವೆಲ್ ಪಂಪು, ಎಲ್ಲಾ ಗಿರಗಿರ ಸುತ್ತೋವು. ಪೂರ್ತಿ ಒಂದು ಸುತ್ತೂ ಬರದೇ ಇರೋ ಮೋಟರ್ ಜಾತಿ ಬೇರೆ ಇದೆ, ಆ ಕಡೆ ಕೆಲವು ಡಿಗ್ರಿ, ಈ ಕಡೆ ಕೆಲವು ಡಿಗ್ರಿ, ಅಷ್ಟೇ ಅದರ ಬದುಕು. ಚಿನ್ನದ ಉಂಗುರದ ಒಳಗೆ ಆರಕ್ಷರದ ಎಚ್‌ಯುಐಡಿ ನಂಬರ್ ಲೇಸರಲ್ಲಿ ಕೊರೀತಾರಲ್ಲ, ಆ ಥರದ ಮಾರ್ಕಿಂಗ್ ಮೆಷಿನ್ನಲ್ಲಿ ಲೇಸರ್ ಇದ್ದ ಜಾಗದಲ್ಲೇ ಇರತ್ತೆ, ಆಡೋದು ಎರಡು ಕನ್ನಡಿ, ಒಂದೊಂದರ ಬೆನ್ನಿಗೂ ಒಂದೊಂದು ಗ್ಯಾಲ್ವೋ ಮೋಟರ್. ಶಾಫ್ಟ್‌ನಲ್ಲಿ ಆಯಸ್ಕಾಂತ, ಸುತ್ತ ತಾಮ್ರದ ಕಾಯಿಲ್, ಎಷ್ಟು ಕರೆಂಟ್ ಕೊಟ್ರೆ ಅಷ್ಟು ತಿರುಚೋ ಬಲ, ಹಿಂದುಗಡೆ ಒಂದು ಸೆನ್ಸರ್ ಕೂತ್ಕೊಂಡು ಈಗ ಎಷ್ಟು ತಿರುಗಿದೀಯ ಅಂತ ಲೆಕ್ಕ ಒಪ್ಪಿಸ್ತಾ ಇರತ್ತೆ. ಇದೇನು ಇವತ್ತಿನ ಐಡಿಯಾ ಅಲ್ಲ, 1858ರಲ್ಲೇ ಅಟ್ಲಾಂಟಿಕ್ ಸಮುದ್ರದಡಿ ಟೆಲಿಗ್ರಾಫ್ ತಂತಿ ಎಳೆದಾಗ ಆ ಕಡೆಯಿಂದ ಬರೋ ನೂಲಿನಷ್ಟು ಕರೆಂಟನ್ನ ಓದೋಕೆ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಆಯಸ್ಕಾಂತದ ಚೂರಿಗೆ ಕನ್ನಡಿ ಅಂಟಿಸಿ ನೇತುಹಾಕಿ ಅದರ ಮೇಲೆ ಬೆಳಕು ಬಿಟ್ಟಿದ್ರು. ಕನ್ನಡಿ ಒಂದು ಡಿಗ್ರಿ ತಿರುಗಿದ್ರೆ ಬೆಳಕು ಎರಡು ಡಿಗ್ರಿ ತಿರುಗತ್ತೆ, ಈ ಪುಕ್ಕಟೆ ಲಾಭದ ಮೇಲೇ ಇಡೀ ವಿದ್ಯೆ ನಿಂತಿರೋದು.

ಲ್ಯಾಂಡ್‌ಸ್ಯಾಟಲ್ಲೂ ಅದೇ. 705 ಕಿಲೋಮೀಟರ್ ಎತ್ತರದಿಂದ 185 ಕಿಲೋಮೀಟರ್ ಅಗಲದ ನೆಲ ನೋಡ್ಬೇಕು ಅಂದ್ರೆ ಸುಮಾರು 15 ಡಿಗ್ರಿ ನೋಟ, ಅಂದ್ರೆ ಕನ್ನಡಿ ತಿರುಗಬೇಕಾದ್ದು ಏಳೂವರೆ ಡಿಗ್ರಿ ಅಷ್ಟೆ. ಬಾಗಿಲು ಒಂದು ಚೂರು ಓರೆ ಮಾಡ್ತೀವಲ್ಲ, ಅದಕ್ಕಿಂತ ಕಮ್ಮಿ.

ಈಗ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ 2003ರ ತೊಂದರೆಯ ಬೇರು 1970ರ ದಶಕದಲ್ಲಿದೆ. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರ ಜುಲೈ 23ಕ್ಕೆ. ಅದರಲ್ಲಿ ಮುಖ್ಯ ಕ್ಯಾಮೆರಾ ಅಂತ ಇಟ್ಟಿದ್ದು ಆರ್‌ಬಿವಿ ಅನ್ನೋ ಟೀವಿ ಥರದ ಕ್ಯಾಮೆರಾ. ಪಕ್ಕದಲ್ಲಿ ನೋಡೋಣ ಇರ್ಲಿ ಅಂತ ಹಾಕಿದ್ದು ಹ್ಯೂಸ್ ಕಂಪನಿಯ ವರ್ಜೀನಿಯಾ ನಾರ್ವುಡ್ ಅವರು ರೂಪಿಸಿದ ಮಲ್ಟಿಸ್ಪೆಕ್ಟ್ರಲ್ ಸ್ಕ್ಯಾನರ್, ಎಂಎಸ್‌ಎಸ್. ಅದರಲ್ಲಿ ಒಂದು ಕನ್ನಡಿ ಸೆಕೆಂಡಿಗೆ 13ಕ್ಕೂ ಹೆಚ್ಚು ಸಲ ಆ ಕಡೆ ಈ ಕಡೆ ಹೊಡ್ಕೋಬೇಕು. ಬಾಹ್ಯಾಕಾಶದಲ್ಲಿ ಹಿಂಗೆ ಡಬಡಬ ಬಡ್ಕೊಳ್ಳೋ ವಸ್ತುವನ್ನ ಯಾರು ನಂಬ್ತಾರೆ, ತುಂಬ ಜನ ಮೂಗು ಮುರಿದಿದ್ರು. ನಾರ್ವುಡ್ ತಂಡ ಅದನ್ನ ಟ್ರಕ್ಕಲ್ಲಿ ಹೇರ್ಕೊಂಡು ಕ್ಯಾಲಿಫೋರ್ನಿಯಾದ ಯೊಸೆಮಿಟಿಗೆ ಹೋಗಿ ಹಾಫ್ ಡೋಮ್ ಬಂಡೆಯನ್ನ ಸ್ಕ್ಯಾನ್ ಮಾಡಿ ತೋರ್ಸಿದ್ರು. ಹಾರಿದ ಕೆಲವೇ ವಾರದಲ್ಲಿ ಆ ಮುಖ್ಯ ಕ್ಯಾಮೆರಾ ಕರೆಂಟ್ ತೊಂದರೆಯಿಂದ ಮುಚ್ಚಿಕೊಳ್ತು, ಪಕ್ಕದ್ದು ಅಂತ ಹಾಕಿದ್ದೇ ಗಾಡಿ ಎಳೀತು. ನಾರ್ವುಡ್‌ರನ್ನ ಲ್ಯಾಂಡ್‌ಸ್ಯಾಟಿನ ತಾಯಿ ಅಂತ ಕರೆಯೋದು ಅದಕ್ಕೇ.

ಎಂಎಸ್‌ಎಸ್‌ನಲ್ಲಿ ಒಂದು ವಿಷಯ ಗಮನಿಸಿ, ಇಡೀ ಪ್ರಕರಣಕ್ಕೆ ಇದೇ ಕೀಲಿ. ಕನ್ನಡಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವಾಗ ಮಾತ್ರ ಫೋಟೋ, ವಾಪಸ್ ಬರುವಾಗ ಕಣ್ಣು ಮುಚ್ಚಿಕೊಂಡು ಬರೋದು. ಅರ್ಧಕ್ಕರ್ಧ ಟೈಮ್ ದಂಡ. ಆದ್ರೆ ಎಲ್ಲಾ ಗೆರೆಗಳೂ ಒಂದೇ ದಿಕ್ಕಿನವು, ಒಂದೇ ಓರೆಯವು, ಒಂದರ ಕೆಳಗೆ ಒಂದು ನೀಟಾಗಿ ಕೂರ್ತಿದ್ವು.

1982ರಲ್ಲಿ ಲ್ಯಾಂಡ್‌ಸ್ಯಾಟ್ 4ರ ಜೊತೆ ಬಂದ ಥಿಮ್ಯಾಟಿಕ್ ಮ್ಯಾಪರ್‌ಗೆ ಪಿಕ್ಸೆಲ್ 80 ಮೀಟರಿಂದ 30 ಮೀಟರಿಗೆ ಇಳೀಬೇಕಿತ್ತು. ಸಣ್ಣ ಪಿಕ್ಸೆಲ್ ಅಂದ್ರೆ ಕಮ್ಮಿ ಬೆಳಕು, ಕಮ್ಮಿ ಬೆಳಕು ಅಂದ್ರೆ ಪ್ರತಿ ಪಿಕ್ಸೆಲ್ ಮೇಲೂ ಜಾಸ್ತಿ ಹೊತ್ತು ನಿಲ್ಲಬೇಕು, ಹಂಗಿರುವಾಗ ಅರ್ಧ ಟೈಮ್ ದಂಡ ಮಾಡೋ ಶ್ರೀಮಂತಿಕೆ ಇಲ್ಲ. ಸರಿ, ಹೋಗುವಾಗಲೂ ನೋಡು ಬರುವಾಗಲೂ ನೋಡು ಅಂದ್ರು. ಕನ್ನಡಿ ಸುಮಾರು ಅರ್ಧ ಮೀಟರ್ ಉದ್ದದ ಬೆರಿಲಿಯಂ ಹಲಗೆ, ಹಗುರ, ಬಾಗಲ್ಲ. ಬೇರಿಂಗ್ ಇಲ್ಲ, ಎಣ್ಣೆ ಇಲ್ಲ, ಫ್ಲೆಕ್ಸ್ ಪಿವಟ್ ಅಂತ, ತೆಳು ಲೋಹದ ಪಟ್ಟಿ ಬಾಗೋದೇ ತಿರುಗೋದು. ಎರಡೂ ತುದೀಲಿ ಸ್ಪ್ರಿಂಗ್ ಬಂಪರ್, ಕನ್ನಡಿ ಹೋಗಿ ಅದಕ್ಕೆ ಬಡಿದು ವಾಪಸ್ ಪುಟಿಯುತ್ತೆ. ವಿದ್ಯುತ್ಕಾಂತದ ಟಾರ್ಕರ್ ಇದ್ಯಲ್ಲ, ಅದು ಇಡೀ ಹೊತ್ತು ತಳ್ಳೋದೇ ಇಲ್ಲ, ತೊಟ್ಟಿಲು ತೂಗುವಾಗ ಅಮ್ಮ ತುದೀಲಿ ಮಾತ್ರ ಬೆರಳು ತಾಗಿಸ್ತಾಳಲ್ಲ, ಹಂಗೆ ತಿರುವಿನಲ್ಲಿ ಕಳ್ಕೊಂಡಷ್ಟು ಶಕ್ತಿ ಮಾತ್ರ ತುಂಬಿ ಕೊಡತ್ತೆ. ಮಧ್ಯದಲ್ಲಿ ಕನ್ನಡಿ ತನ್ನ ಪಾಡಿಗೆ ಒಂದೇ ವೇಗದಲ್ಲಿ ತೇಲಿ ಹೋಗತ್ತೆ. ತುಂಬ ಚೆಂದದ ಕೆಲಸ ಕಣ್ರಿ ಅದು.

ಆದ್ರೆ ಎರಡೂ ಕಡೆ ನೋಡ್ತೀನಿ ಅಂದ್ರೆ ಒಂದು ತಾಪತ್ರಯ ಇದೆ. ಒಂದೊಂದು ಬಣ್ಣಕ್ಕೂ ಬೆಳಕು ಅಳೆಯೋ ಪುಟ್ಟ ಸೆನ್ಸರ್, ಅಂದ್ರೆ ಡಿಟೆಕ್ಟರ್, ಹದಿನಾರು, ಅಂದ್ರೆ ಹದಿನಾರು ತಾಳಿನ ಕೂರಿಗೆ ಅನ್ಕೊಳ್ಳಿ, ಒಂದು ಸಲ ಹೊಲದ ಈ ಬದುವಿಂದ ಆ ಬದುವಿಗೆ ಹೋದ್ರೆ ಹದಿನಾರು ಸಾಲು ಬಿತ್ತನೆ ಆಗತ್ತೆ, ತಿರುಗಿಸ್ಕೊಂಡು ಬಂದ್ರೆ ಇನ್ನು ಹದಿನಾರು. ಹೊಲ ನಿಂತ ಜಾಗದಲ್ಲಿದ್ರೆ ಸರಿ. ಇಲ್ಲಿ ಹೊಲಾನೇ ಕಾಲ ಕೆಳಗಿಂದ ಸೆಕೆಂಡಿಗೆ ಹತ್ತಿರ ಹತ್ತಿರ 6.8 ಕಿಲೋಮೀಟರ್ ಜಾರ್ತಿದೆ. ಎತ್ತು ನೇರ ಹೋದ್ರೂ ಸಾಲು ಓರೆ ಬೀಳತ್ತೆ, ವಾಪಸ್ ಬರುವಾಗ ಎದುರು ಓರೆ ಬೀಳತ್ತೆ, ಒಟ್ಟಾರೆ ಅಂಕುಡೊಂಕು. ಒಂದು ಬದುವಲ್ಲಿ ಬಿತ್ತಿದ ಜಾಗಕ್ಕೇ ಮತ್ತೆ ಬಿತ್ತನೆ, ಇನ್ನೊಂದು ಬದುವಲ್ಲಿ ಬೀಳು.

ಆ ಅಂಕುಡೊಂಕು ನೇರ ಮಾಡೋಕೆ ಇಟ್ಟಿದ್ದೇ ಎಸ್‌ಎಲ್‌ಸಿ. ಟೆಲಿಸ್ಕೋಪ್ ಆದ್ಮೇಲೆ, ಡಿಟೆಕ್ಟರ್‌ಗೂ ಮುಂಚೆ, ಒಂದಕ್ಕೊಂದು ಸಮಾನಾಂತರವಾಗಿ ಎರಡು ಪುಟ್ಟ ಕನ್ನಡಿ. ದೊಡ್ಡ ಕನ್ನಡಿ ಗುಡಿಸ್ತಾ ಇರುವಾಗ ಇವೆರಡೂ ಸೇರಿ ನೋಟವನ್ನ ಮೆಲ್ಲಗೆ ಹಿಂದಕ್ಕೆ ಎಳೀತಾವೆ, ಉಪಗ್ರಹ ಎಷ್ಟು ಮುಂದೆ ಹೋಯ್ತೋ ಸರಿಯಾಗಿ ಅಷ್ಟೇ ಹಿಂದಕ್ಕೆ, ತಿರುವು ಬಂದ ತಕ್ಷಣ ಟಪ್ ಅಂತ ಮೊದಲಿನ ಜಾಗಕ್ಕೆ ನೆಗೀತಾವೆ, ಮತ್ತೆ ಮೆಲ್ಲಗೆ. ಗರಗಸದ ಹಲ್ಲಿನ ಥರ ಚಲನೆ. ದೊಡ್ಡ ಕನ್ನಡಿ ಸೆಕೆಂಡಿಗೆ ಸುಮಾರು 7 ಸಲ ಹೋಗಿ ಬಂದ್ರೆ ಇದು ಸೆಕೆಂಡಿಗೆ 14 ಸಲ, ನಿಮಿಷಕ್ಕೆ 840 ಸಲ.

ಈಗ ಪಟ್ಟಿ ಲೆಕ್ಕ. ಒಂದು ಗುಡಿಸಾಟಕ್ಕೆ 60.7 ಮಿಲಿಸೆಕೆಂಡು, ತಿರುವಿಗೆ 10.7, ಒಟ್ಟು 71.4. ಅಷ್ಟರಲ್ಲಿ ಉಪಗ್ರಹ ಜಾರೋದು ಸುಮಾರು 485 ಮೀಟರ್. ಹದಿನಾರು ಗೆರೆ ಗುಣಿಸು 30 ಮೀಟರ್ ಅಂದ್ರೆ 480, ಮ್ಯಾಚಾಯ್ತಲ್ಲ. ಈಗ ಎಸ್‌ಎಲ್‌ಸಿ ಸತ್ತಿದೆ ಅನ್ಕೊಳ್ಳಿ, ಪೂರ್ವದ ಅಂಚಲ್ಲಿ ನಿಂತು ನೋಡಿ. ಕನ್ನಡಿ ಅಲ್ಲಿಗೆ ಬಂತು, ತಿರುಗ್ತು, 10.7 ಮಿಲಿಸೆಕೆಂಡಲ್ಲಿ ಮತ್ತೆ ಅಲ್ಲೇ ನೋಡೋಕೆ ಶುರು, ಉಪಗ್ರಹ ಜಾರಿದ್ದು ಬರೀ 70 ಚಿಲ್ಲರೆ ಮೀಟರ್, ಹಂಗಾಗಿ ಅದೇ ನೆಲ ಎರಡು ಸಲ. ಆಮೇಲೆ ಪಶ್ಚಿಮಕ್ಕೆ ಹೋಗಿ ತಿರುಗಿ ಮತ್ತೆ ಪೂರ್ವದ ಅಂಚಿಗೆ ಬರೋ ಹೊತ್ತಿಗೆ 60.7 ಕೂಡು 10.7 ಕೂಡು 60.7, ಅಂದ್ರೆ 132 ಮಿಲಿಸೆಕೆಂಡು, ಉಪಗ್ರಹ ಸುಮಾರು 900 ಮೀಟರ್ ಮುಂದೆ. ನೋಡಿದ್ದು 480, ಮಿಕ್ಕ 420 ಮೀಟರ್ ಕಾಣಲೇ ಇಲ್ಲ. 420 ಭಾಗಿಸು 30, ಹದಿನಾಲ್ಕು ಪಿಕ್ಸೆಲ್. ಯಾವುದಾದ್ರೂ ಎಸ್‌ಎಲ್‌ಸಿ ಆಫ್ ಫೈಲ್ ತೆಗೆದು ಅಂಚಿಗೆ ಜೂಮ್ ಮಾಡಿ ಕಪ್ಪು ಪಟ್ಟಿಯ ಪಿಕ್ಸೆಲ್ ಎಣಿಸಿ, ಅಗಲ ಇರೋ ಕಡೆ ಹದಿನಾಲ್ಕು ಬರತ್ತೆ. ಮಧ್ಯಕ್ಕೆ ಬಂದ ಹಾಗೆ ಸಣ್ಣಗಾಗ್ತಾ ಬಂದು ನಟ್ಟ ನಡುವೆ ಸುಮಾರು 22 ಕಿಲೋಮೀಟರ್ ಅಗಲದಲ್ಲಿ ಪಟ್ಟಿ ಮಾಯ, ಯಾಕಂದ್ರೆ ಅಲ್ಲಿ ಹೋಗೋದಕ್ಕೂ ಬರೋದಕ್ಕೂ ಗ್ಯಾಪ್ ಸರಿಸಮ, 71 ಮಿಲಿಸೆಕೆಂಡು. ನಾನು ಈ ಲೆಕ್ಕ ಮೊದಲ ಸಲ ಒಂದು ಹಳೇ ಪ್ರಿಂಟೌಟ್ ಹಿಂದುಗಡೆ ಪೆನ್ನಲ್ಲಿ ಹಾಕಿದ್ದು, ಹದಿನಾಲ್ಕು ಬಂದಾಗ ರಾತ್ರಿ ಒಂಟಿಯಾಗಿ ಕೂತು ನಕ್ಕಿದೀನಿ.

ಕೈಕೊಟ್ಟ ದಿನ ಆಗಿದ್ದು ಇಷ್ಟು. ದೊಡ್ಡ ಕನ್ನಡಿ ಸರಿ ಇತ್ತು, ಡಿಟೆಕ್ಟರ್ ಸರಿ, ಟೆಲಿಸ್ಕೋಪ್ ಸರಿ, ನೇರ ಮಾಡೋ ಕನ್ನಡಿ ಮಾತ್ರ ಇಲ್ಲ. ಅಮೆರಿಕದ ಭೂಗರ್ಭ ಸರ್ವೇ ಸಂಸ್ಥೆ ಯುಎಸ್‌ಜಿಎಸ್, ನಾಸಾ ಜನ ಸೇರಿ ಪರೀಕ್ಷೆ ಮಾಡಿ ಜುಲೈ 14ರಿಂದ ಪಟ್ಟಿ ಸಮೇತವೇ ಫೋಟೋ ತೆಗೆಯೋದು ಮತ್ತೆ ಶುರು ಮಾಡಿದ್ರು. ಸೆಪ್ಟೆಂಬರಲ್ಲಿ ಕೊನೆ ಪ್ರಯತ್ನ ಅಂತ ಇನ್ಸ್ಟ್ರುಮೆಂಟನ್ನೇ ಬಿ ಸೈಡ್ ಎಲೆಕ್ಟ್ರಾನಿಕ್ಸ್‌ಗೆ ಬದಲಾಯಿಸಿ ನೋಡಿದ್ರು. ಉಪಗ್ರಹದಲ್ಲಿ ಎಲೆಕ್ಟ್ರಾನಿಕ್ಸ್ ಎರಡೆರಡು ಸೆಟ್ ಇರತ್ತೆ, ಒಂದು ಹೋದ್ರೆ ಇನ್ನೊಂದು. ಬಿ ಸೈಡಲ್ಲೂ ಕನ್ನಡಿ ಅಲ್ಲಾಡಲಿಲ್ಲ. ಅಲ್ಲಿಗೆ ತೀರ್ಮಾನ ಆಯ್ತು, ತೊಂದರೆ ವೈರಲ್ಲಿ ಇಲ್ಲ, ಮೆಕ್ಯಾನಿಕಲ್ಲು, ಶಾಶ್ವತ.

ಡ್ರೈವರ್ ಸರ್ಕ್ಯೂಟಿಗೆ ಸ್ಟೆಪ್ನಿ ಇತ್ತು, ಕನ್ನಡಿಗೆ ಇರಲಿಲ್ಲ, ಬೆಳಕಿನ ದಾರಿ ನಡುವೆ ಕೂರೋ ವಸ್ತುವಿಗೆ ಇಡೋದಕ್ಕೂ ಆಗಲ್ಲ. ಡಿಸೈನ್ ಕೆಟ್ಟದು ಅಂತ ಮಾತ್ರ ನಾನು ಹೇಳಲ್ಲ. ಇದೇ ಥರದ ಎಸ್‌ಎಲ್‌ಸಿ ಇಟ್ಕೊಂಡು 1984ರ ಮಾರ್ಚ್ 1ಕ್ಕೆ ಹಾರಿದ ಲ್ಯಾಂಡ್‌ಸ್ಯಾಟ್ 5ರ ಮ್ಯಾಪರ್ 2011ರ ನವೆಂಬರ್ ತನಕ ಫೋಟೋ ತೆಗೀತು, ಮೂರು ವರ್ಷಕ್ಕೆ ಅಂತ ಮಾಡಿದ್ದು ಇಪ್ಪತ್ತೇಳು ವರ್ಷ. ಅದರಲ್ಲಿ ಸವೆದಿದ್ದು ಬಂಪರ್, ಬಡಿದು ಬಡಿದು ತಿರುವಿನ ಟೈಮಿಂಗ್ ತಪ್ಪೋಕೆ ಶುರುವಾಗಿ 2002ರಲ್ಲಿ ಬಂಪರ್ ಮೋಡ್ ಅನ್ನೋ ಬೇರೆ ಲೆಕ್ಕಕ್ಕೆ ಹಾಕ್ಕೊಂಡ್ರು. ಲ್ಯಾಂಡ್‌ಸ್ಯಾಟ್ 7ಕ್ಕೂ ಅದು 2007ರ ಏಪ್ರಿಲ್ 1ಕ್ಕೆ ಬಂತು, ಏಪ್ರಿಲ್ ಫೂಲ್ ಅಲ್ಲ.

ಇನ್ನು ಬಳಸೋರ ಕಡೆ. ಪಟ್ಟಿ ಬರೋಕೂ ಮುಂಚೆ ಒಂದು ಸೀನ್‌ಗೆ, ಅಂದ್ರೆ ಒಂದು ತುಂಡು ಫೋಟೋಗೆ, 600 ಡಾಲರ್ ಇತ್ತು, ಪಟ್ಟಿ ಬಂದ್ಮೇಲೆ ರೇಟ್ ಇಳಿಸಿ ಮಾರಿದ್ರು, ಡ್ಯಾಮೇಜ್ ಪೀಸು ಡಿಸ್ಕೌಂಟಲ್ಲಿ ಕೊಟ್ಟ ಹಾಗೆ. 2008ರ ಕೊನೆಗೆ ಇಡೀ ಲ್ಯಾಂಡ್‌ಸ್ಯಾಟ್ ಭಂಡಾರವೇ ಫ್ರೀ ಆಯ್ತು, ನನ್ನಂಥವನ ಕೈಗೆ ಸಿಕ್ಕಿದ್ದು ಅದರಿಂದಲೇ. ಇನ್ನೊಂದು ಮಾತು, ಉಳಿದ 78 ಪರ್ಸೆಂಟ್ ಪಿಕ್ಸೆಲ್‌ಗಳ ಗುಣಮಟ್ಟಕ್ಕೆ ಏನೂ ಆಗಿರಲಿಲ್ಲ. ಬಣ್ಣದ ಅಳತೆ ಸರಿ, ಜಾಗದ ಅಳತೆ ಸರಿ. ಪಟ್ಟಿ ಇದೆ ಅಂತ ಇಡೀ ಫೈಲ್ ಬಿಸಾಕೋರನ್ನ ನೋಡಿದೀನಿ, ಅದು ದಡ್ಡತನ.

ಅದಕ್ಕಿಂತ ದೊಡ್ಡ ದಡ್ಡತನ ನಾನು ಮಾಡಿದೀನಿ, ಹೇಳ್ಬಿಡ್ತೀನಿ. ಕೆರೆ ಅಳೆಯೋ ಪ್ರಾಜೆಕ್ಟಲ್ಲಿ ಗ್ಯಾಪ್‌ಫಿಲ್ ಟೂಲ್ ಹಾಕಿ, ಅಕ್ಕಪಕ್ಕದ ಪಿಕ್ಸೆಲ್ ಎಳೆದು ಪಟ್ಟಿ ಮುಚ್ಚಿ, ನೋಡಿ ಎಷ್ಟು ಕ್ಲೀನಾಗಿದೆ ಅಂತ ಮ್ಯಾಪ್ ಮಾಡಿದೆ. ಬೆಂಗಳೂರಿನ ಸುತ್ತ ಪಟ್ಟಿ ಸಣ್ಣದಿತ್ತು, ನಡೀತು. ಆಮೇಲೆ ಅದೇ ಹುಮ್ಮಸ್ಸಲ್ಲಿ ಸೀನ್‌ನ ಅಂಚಿನ ಹಳ್ಳಿಗಳ ಕೆರೆ ಗುರುತಿಸೋಕೆ ಹೋದೆ. 40 ಎಕರೆ ಕೆರೆ ಅಂದ್ರೆ ಹತ್ತಿರ ಹತ್ತಿರ 400 ಮೀಟರ್ ಉದ್ದ 400 ಮೀಟರ್ ಅಗಲ, ಪಿಕ್ಸೆಲ್ ಲೆಕ್ಕದಲ್ಲಿ 180. ಅಂಚಲ್ಲಿ ಪಟ್ಟಿಯ ಅಗಲ 420 ಮೀಟರ್. ಇಡೀ ಕೆರೆ, ಏರಿ, ತೂಬು ಎಲ್ಲಾ ಸೇರಿ ಒಂದು ಪಟ್ಟಿಯೊಳಗೆ ಮುಳುಗಿ ಹೋಗಬಹುದು, ಅಕ್ಕಪಕ್ಕ ಹೊಲದ ಪಿಕ್ಸೆಲ್ ಎಳೆದು ಮುಚ್ಚಿದ್ರೆ ಅಲ್ಲಿ ರಾಗಿ ಹೊಲ ಬರತ್ತೆ. ನನ್ನ ಮ್ಯಾಪಲ್ಲಿ ಬಂದಿತ್ತು. ವೈವಾದಲ್ಲಿ ಆ ಕಡೆ ಊರಿನವರೇ ಒಬ್ರು ಕೂತಿದ್ರು, ನಮ್ಮೂರ ಕೆರೆ ಯಾವಾಗ ಬತ್ತಿತಪ್ಪಾ ಅಂತ ಕೇಳಿದ್ರು. ಉತ್ತರ ಇರಲಿಲ್ಲ.

ಸರಿಯಾಗಿ ಮಾಡೋರು ಬೇರೆ ದಿನದ ಫೋಟೋ ತಂದು ತುಂಬ್ತಾರೆ. 16 ದಿನಕ್ಕೊಂದು ಸಲ ಅದೇ ದಾರೀಲಿ ಬರ್ತಿದ್ರೂ ಕಕ್ಷೆ ಒಂಚೂರು ಆಚೀಚೆ ಆಗಿರ್ತಿತ್ತು, ಪಟ್ಟಿ ಬೀಳೋ ಜಾಗ ಬೇರೆ ಆಗ್ತಿತ್ತು, ಎರಡು ಮೂರು ದಿನದ್ದು ಸೇರಿಸಿದ್ರೆ ತುಂಬ ಜಾಗ ನಿಜವಾದ ಪಿಕ್ಸೆಲ್ಲಿಂದಲೇ ಮುಚ್ಚತ್ತೆ. ಫೈಲ್ ಜೊತೆ ಗ್ಯಾಪ್ ಮಾಸ್ಕ್ ಅಂತ ಒಂದು ಫೋಲ್ಡರ್ ಬರತ್ತೆ, ಯಾವ ಪಿಕ್ಸೆಲ್ ಅಸಲಿ ಯಾವುದು ಖಾಲಿ ಅಂತ ಅದರಲ್ಲಿ ಇರತ್ತೆ. ನಾನು ಅದನ್ನ ಜಾಗ ತಿನ್ನತ್ತೆ ಅಂತ ಡಿಲೀಟ್ ಮಾಡಿದ್ದೆ.

ನಮ್ಮ ಕಡೆಯ ಕೊಂಡಿಯೂ ಒಂದಿದೆ. ಪಟ್ಟಿ ಬಂದು ಐದು ತಿಂಗಳೂ ಆಗಿರಲಿಲ್ಲ, 2003ರ ಅಕ್ಟೋಬರ್ 17ಕ್ಕೆ ಇಸ್ರೋದ ರಿಸೋರ್ಸ್‌ಸ್ಯಾಟ್ 1 ಹಾರಿತು, ಬೆಂಗಳೂರಿನ ಸ್ಯಾಟಲೈಟ್ ಸೆಂಟರಲ್ಲಿ ಕಟ್ಟಿದ್ದು. ಲ್ಯಾಂಡ್‌ಸ್ಯಾಟ್ ಕೈಕೊಟ್ರೆ ಏನು ಗತಿ ಅಂತ ಅಮೆರಿಕದವರು ಹುಡುಕುವಾಗ ಇದರ ಡೇಟಾವನ್ನೂ ಪರೀಕ್ಷೆಗೆ ತಗೊಂಡ್ರು, ಅವರ ಕೃಷಿ ಇಲಾಖೆ ಬೆಳೆ ನಕ್ಷೆಗೆ ಇದರ ಎವಿಫ್ಸ್ ಕ್ಯಾಮೆರಾದ 56 ಮೀಟರ್ ಚಿತ್ರ ವರ್ಷಗಟ್ಟಲೆ ಬಳಸ್ತು. ಇಸ್ರೋ 1988ರ ಐಆರ್‌ಎಸ್ 1ಎಯಿಂದಲೇ ಭೂಮಿ ನೋಡೋ ಈ ಸಾಲಿನ ಉಪಗ್ರಹಗಳಲ್ಲಿ ಆಡೋ ಕನ್ನಡಿ ಇಟ್ಟಿರಲಿಲ್ಲ, ಉದ್ದಕ್ಕೆ ಸಾವಿರಾರು ಡಿಟೆಕ್ಟರ್ ಸಾಲಾಗಿ ಜೋಡಿಸಿ ಉಪಗ್ರಹ ಹೋದ ಹಾಗೆ ನೆಲ ಓದ್ಕೊಂಡು ಹೋಗೋದು. ಇದನ್ನ ಪುಶ್‌ಬ್ರೂಮ್ ಅಂತಾರೆ, ಲ್ಯಾಂಡ್‌ಸ್ಯಾಟ್ 7ರ ಥರದ್ದನ್ನ ವಿಸ್ಕ್‌ಬ್ರೂಮ್ ಅಂತಾರೆ. ಎರಡೂ ಪೊರಕೆ ಹೆಸರೇ. ಒಂದು ಕಡ್ಡಿ ಪೊರಕೇಲಿ ಆ ಕಡೆ ಈ ಕಡೆ ಗುಡಿಸೋದು, ಇನ್ನೊಂದು ಅಗಲದ ವೈಪರ್ ಹಿಡಿದು ನೇರ ತಳ್ಕೊಂಡು ಹೋಗೋದು. ಹಂಗಂತ ಇಸ್ರೋ ಕನ್ನಡಿ ಬಿಟ್ಟೇಬಿಡ್ತು ಅಂತಲ್ಲ, ಇನ್ಸ್ಯಾಟ್ ಸರಣಿಯ ಹವಾಮಾನ ಕ್ಯಾಮೆರಾದಲ್ಲಿ ಸ್ಕ್ಯಾನ್ ಕನ್ನಡಿ ಇದ್ದೇ ಇದೆ, 36 ಸಾವಿರ ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತಿರೋ ಉಪಗ್ರಹಕ್ಕೆ ಕೆಳಗೆ ನೆಲ ಜಾರಲ್ಲ, ಕನ್ನಡಿ ಆಡಿಸದೇ ವಿಧಿ ಇಲ್ಲ.

2013ರ ಫೆಬ್ರವರಿ 11ಕ್ಕೆ ಹಾರಿದ ಲ್ಯಾಂಡ್‌ಸ್ಯಾಟ್ 8 ವೈಪರ್ ಜಾತಿಗೆ ಬದಲಾಯ್ತು, ಒಂದೊಂದು ಬಣ್ಣಕ್ಕೆ ಸುಮಾರು 7000 ಡಿಟೆಕ್ಟರ್. ತಮಾಷೆ ಅಂದ್ರೆ ಅದರ ಉಷ್ಣ ಕ್ಯಾಮೆರಾದಲ್ಲಿ ದಿಕ್ಕು ಬದಲಾಯಿಸೋ ಕನ್ನಡಿ ಒಂದು ಉಳ್ಕೊಂಡಿತ್ತು, 2014ರ ಡಿಸೆಂಬರಲ್ಲಿ ಅದರ ಎನ್‌ಕೋಡರ್, ಅಂದ್ರೆ ಕನ್ನಡಿ ಎಷ್ಟು ತಿರುಗಿದೆ ಅಂತ ಅಳೆಯೋ ಭಾಗ, ತಕರಾರು ತೆಗೀತು. ಅಲ್ಲಿ ಎಲೆಕ್ಟ್ರಾನಿಕ್ಸ್ ತೊಂದರೆ ಆದ್ದರಿಂದ ಬಿ ಸೈಡಿಗೆ ಹಾಕಿ ಸಂಭಾಳಿಸಿದ್ರು.

ಮಧ್ಯೆ ಒಂದು ಕಾಲ ಇತ್ತು, 2011ರ ನವೆಂಬರಿಂದ ಲ್ಯಾಂಡ್‌ಸ್ಯಾಟ್ 8 ಕೆಲಸ ಶುರು ಮಾಡೋ ತನಕ, ಆ ಹೊತ್ತಲ್ಲಿ 30 ಮೀಟರಿನ ಲ್ಯಾಂಡ್‌ಸ್ಯಾಟ್ ಚಿತ್ರ ಬೇಕು ಅಂದ್ರೆ ಇದ್ದಿದ್ದು ಈ ಪಟ್ಟಿ ಉಪಗ್ರಹ ಒಂದೇ. ನಾಲ್ಕು ವರ್ಷ ಚೆನ್ನಾಗಿ ದುಡಿದು, ಆಮೇಲೆ ಇಪ್ಪತ್ತು ವರ್ಷ ಪಟ್ಟಿ ಹೊತ್ಕೊಂಡೇ ದುಡೀತು, 2022ರ ಏಪ್ರಿಲಲ್ಲಿ ಕಕ್ಷೆ ಇಳಿಸಿದ ಮೇಲೂ ಸ್ವಲ್ಪ ಕಾಲ ಫೋಟೋ ತೆಗೀತಾನೇ ಇತ್ತು. ನಾಸಾ ಓಸಾಮ್ 1 ಅಂತ ಒಂದು ರೋಬಾಟ್ ಗಾಡಿ ಕಳಿಸೋ ಪ್ಲಾನ್ ಹಾಕಿತ್ತು, ಲ್ಯಾಂಡ್‌ಸ್ಯಾಟ್ 7ನ್ನ ಹಿಡ್ಕೊಂಡು ಅದಕ್ಕೆ ಮತ್ತೆ ಇಂಧನ ತುಂಬೋಕೆ. 2024ರಲ್ಲಿ ಆ ಯೋಜನೆ ರದ್ದಾಗಿದೆ ಅಂತ ಘೋಷಣೆ ಬಂತು. ಕನ್ನಡಿ ರಿಪೇರಿ ಆ ಪ್ಲಾನಲ್ಲೇ ಇರಲಿಲ್ಲ, ಹೋಗಿದ್ರೂ ಟ್ಯಾಂಕ್ ತುಂಬಿಸಿ ಬರ್ತಿದ್ರು ಅಷ್ಟೇ.

ಮೊನ್ನೆ ಪರಿಚಯದ ಹುಡುಗಿಯೊಬ್ಬಳು ಸ್ಕ್ರೀನ್‌ಶಾಟ್ ಕಳಿಸಿ, ಅಣ್ಣ ಫೈಲ್ ಕರಪ್ಟ್ ಬರ್ತಿದೆ ಎರಡನೇ ಸಲ ಇಳಿಸ್ತಿದೀನಿ ಅಂದ್ಲು. ಡೇಟ್ ನೋಡು ಅಂದೆ. 2006. ನಿಲ್ಸು, ಅಂಚಲ್ಲಿ ಪಟ್ಟಿಯ ಪಿಕ್ಸೆಲ್ ಎಣಿಸಿ ಹೇಳು ಅಂದೆ. ಐದು ನಿಮಿಷ ಬಿಟ್ಟು ಹದಿನಾಲ್ಕು ಅಂತ ಬಂತು, ಯಾಕಣ್ಣ ಅಂತ ಇನ್ನೊಂದು ಮೆಸೇಜು.